ಮಡಚದ ಬೆರಳುಗಳು

ಇನ್‌ಸುಕ್ ಅವರ ಮೇಜಿನ ಮೇಲೆ ಮೂರು ಪುಸ್ತಕಗಳಿದ್ದವು. ಅವುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಆ ಚಳಿಗಾಲಕ್ಕೆ ಶಾಲೆಗೆ ಸಿಗುವುದು ಒಂದೇ ಇಂಗ್ಲಿಷ್ ಕಾದಂಬರಿ, ಮಕ್ಕಳ ತಲೆಗೊಂದು ಪ್ರತಿಯಂತೆ. ಒಮ್ಮೆ ತರಿಸಿದರೆ ಮುಗಿಯಿತು, ಮುಂದಿನ ವರ್ಷದವರೆಗೆ ಬೇರೆ ಇಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ಬುಧವಾರ ಬಂತೆಂದರೆ ಮಂಡಿ ನೋವನ್ನು ಬೈಯುತ್ತ, ಇಂಚಾನ್ ಊರಿನ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಬರುತ್ತಿದ್ದರು. ಕೆಳಗೆ ಕೋಳಿ ಕರಿಯುವ ಅಂಗಡಿ, ಮೇಲೆ ಶಾಲೆ. ಪಾಠದ ಕೋಣೆಯ ಪರದೆಗಳಿಗೂ ಎಣ್ಣೆಯ ವಾಸನೆ ಹತ್ತಿತ್ತು. ಅಲ್ಲೇ ಉಳಿದು ಓದುವವರು ಆರು ಮಂದಿ, ಎಲ್ಲರೂ ಗಡಿಯಾಚೆಯ ಉತ್ತರದ ದೇಶದಿಂದ ತಪ್ಪಿಸಿಕೊಂಡು ನದಿ ದಾಟಿ, ಚೀನಾ ಹಾದು, ಯಾವ ಯಾವುದೋ ದೇಶದ ಕಾಡುಗಳಲ್ಲಿ ಅಡಗಿ ಬಂದ ಮಕ್ಕಳು. ಇಲ್ಲಿನ ಶಾಲೆಗಳಲ್ಲಿ ಅವರಿಗೆ ಲೆಕ್ಕ ಬರುತ್ತಿತ್ತು, ವಿಜ್ಞಾನವೂ ಹೇಗೋ ದಕ್ಕುತ್ತಿತ್ತು. ಇಂಗ್ಲಿಷ್ ಮಾತ್ರ ಗೋಡೆಯಾಗಿ ನಿಂತುಬಿಡುತ್ತಿತ್ತು. ಅಂಥವರಿಗಾಗಿಯೇ ಈ ಶಾಲೆ.

ಇಂಥ ಮಕ್ಕಳಿಗೆ ಪುಸ್ತಕ ಆರಿಸುವ ಕಷ್ಟ ಇನ್‌ಸುಕ್ ಅವರಿಗೆ ಗೊತ್ತಿತ್ತು. ಈ ಮಕ್ಕಳ ಇಂಗ್ಲಿಷಿಗೆ ಐದು ವರ್ಷ ವಯಸ್ಸು, ಅವರು ಕಂಡ ಬದುಕಿಗೆ ಅರವತ್ತು. ಮೊಲ, ಕರಡಿಗಳ ಕಥೆ ಕೊಟ್ಟರೆ ಅವಮಾನ, ದೊಡ್ಡವರ ಕಾದಂಬರಿ ಕೊಟ್ಟರೆ ಉಸಿರುಕಟ್ಟುತ್ತದೆ. ಅದಕ್ಕೇ ಇನ್‌ಸುಕ್ ಮಾಯಾಲೋಕದ ಕಾದಂಬರಿಗಳನ್ನು ನೆಚ್ಚಿಕೊಂಡಿದ್ದರು. ಅಲ್ಲಿ ವಾಕ್ಯ ಚಿಕ್ಕದಾಗಿದ್ದರೂ ಸಂಗತಿ ಚಿಕ್ಕದಾಗಿರುವುದಿಲ್ಲ. ಆದರೂ ನೋಡಬೇಕಾದ್ದು ಬೇಕಾದಷ್ಟಿತ್ತು. ಪುಟದಲ್ಲಿ ಬಿಳಿ ಜಾಗ ಇದೆಯೇ? ಪಾತ್ರಗಳ ಹೆಸರುಗಳೆಲ್ಲ ಒಂದೇ ಅಕ್ಷರದಿಂದ ಶುರುವಾಗಿ ಗೊಂದಲ ಮಾಡುತ್ತವೆಯೇ? ಲೇಖಕರು ತಾವೇ ಹುಟ್ಟಿಸಿದ ಪದಗಳು ಎಷ್ಟಿವೆ? ಇಲ್ಲದ ಗಿಡ, ಇಲ್ಲದ ಪ್ರಾಣಿಯ ಹೆಸರು ಬಂದರೆ ಈ ಮಕ್ಕಳು ಅದನ್ನೂ ನಿಘಂಟಿನಲ್ಲಿ ಹುಡುಕುತ್ತ ಕೂತುಬಿಡುತ್ತಾರೆ.

ಮೂರರಲ್ಲಿ ಒಂದು ಇಟ್ಟಿಗೆಯಷ್ಟು ದಪ್ಪ. ಅದನ್ನು ಮೊದಲೇ ಪಕ್ಕಕ್ಕಿಟ್ಟಿದ್ದರು. ಇನ್ನೊಂದು ಡ್ರ್ಯಾಗನ್ ಮೊಟ್ಟೆಯನ್ನು ಕಾಯುವ ಪುಟ್ಟ ಹುಡುಗಿಯ ಕಥೆ, ಸುಲಭವಾದದ್ದು, ನಡುನಡುವೆ ಚಿತ್ರಗಳು. ಮೂರನೆಯದು ಬೆಟ್ಟದ ಬಾಗಿಲು ದಾಟಿ ಹೋಗುವ ಹದಿನೇಳರ ಹುಡುಗಿಯ ಕಥೆ. ಕಷ್ಟದ್ದು, ಆದರೆ ಮರ್ಯಾದೆಯುಳ್ಳದ್ದು.

ಆಯ್ಕೆ ಇಷ್ಟು ಭಾರವಾಗಲು ಕಾರಣ ಯೋನ್‌ಸಿಲ್. ಆರು ಜನರಲ್ಲಿ ದೊಡ್ಡವಳು, ಹತ್ತೊಂಬತ್ತು ತುಂಬಿದವಳು. ಅರ್ಹತಾ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಿಂದಲೇ ಎರಡು ಸಲ ಬಿದ್ದಿದ್ದಳು. ಪಾಸಾದರೆ ನರ್ಸಿಂಗ್ ಕಲಿಯಬೇಕೆಂಬ ಆಸೆ. ಹಿಂದಿನ ಬುಧವಾರ, ಯಾರೂ ಕೇಳದೆಯೇ ಎದ್ದು ನಿಂತು ಅವಳು ಹೇಳಿದ್ದಳು:

"ಈ ಚಳಿಗಾಲ ಮುಗಿಯೋದ್ರೊಳಗೆ ಒಂದು ಇಂಗ್ಲಿಷ್ ಪುಸ್ತಕ ಮೊದಲಿಂದ ಕೊನೇವರೆಗೆ ಓದಿ ಮುಗಿಸ್ತೀನಿ. ಆಗ್ಲಿಲ್ಲ ಅಂದ್ರೆ ಫ್ಯಾಕ್ಟರಿಗೆ ಹೋಗ್ತೀನಿ. ಇಲ್ಲಿ ಕೂತು ಅನ್ನ ದಂಡ ಮಾಡಲ್ಲ."

ಇನ್‌ಸುಕ್ ಚಪ್ಪಾಳೆ ತಟ್ಟಿದ್ದರು. ಹುಡುಗಿಗೆ ಹುಮ್ಮಸ್ಸು ಬಂತಲ್ಲ ಎಂದು. ಉಳಿದ ಐವರು ತಟ್ಟಲಿಲ್ಲ, ನೆಲ ನೋಡುತ್ತಿದ್ದರು.

ಶಾಲೆ ನಡೆಸುವ ಬಾನ್ ಸರ್ ಬಾಗಿಲ ಬಳಿ ಅವರನ್ನು ತಡೆದು ಹೇಳಿದ್ದರು. "ಮೇಡಂ, ಆ ಹುಡುಗೀದು ಮಾತಲ್ಲ, ಮೊಳೆ. ಹೊಡೆದಳು ಅಂದ್ರೆ ಕೀಳೋಕಾಗಲ್ಲ. ಅವಳ ಕೈಲಿ ಮುಗಿಯೋ ಅಂಥ ಪುಸ್ತಕಾನೇ ಆರಿಸಿಕೊಡಿ."

"ಆರಿಸ್ತೀನಿ ಸರ್. ನನ್ನ ಹತ್ರ ಒಂದು ಉಪಾಯ ಇದೆ. ಯಾವತ್ತೂ ಕೈಕೊಟ್ಟಿಲ್ಲ."

ಉಪಾಯ ಎಂದರೆ ಬೆರಳೆಣಿಕೆ. ಮಕ್ಕಳನ್ನು ದುಂಡಗೆ ಕೂರಿಸಿ, ಎರಡೂ ಕಥೆಗಳ ಒಂದೊಂದು ಪುಟದ ನಕಲನ್ನು ಅವರು ಹಂಚಿದರು.

"ನಿಧಾನವಾಗಿ ಓದಿ. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಿ. ಪುಟ ಮುಗಿಯೋದ್ರೊಳಗೆ ಐದೂ ಮಡಚಿದ್ರೆ ಆ ಪುಸ್ತಕ ನಿಮಗಲ್ಲ. ಒಂದೋ ಎರಡೋ ಆದ್ರೆ ಸರಿಯಾದದ್ದು. ತಿಳೀತಾ? ಎಷ್ಟು ಮಡಚಿದ್ರೂ ನಾಚಿಕೆ ಏನಿಲ್ಲ, ಅದು ಪುಸ್ತಕದ ತಪ್ಪು."

"ಒಂದೂ ಮಡಚದೆ ಇದ್ರೆ?" ಎಂದ ಗಿಲ್‌ನಾಮ್. ಹದಿನಾರರ ಹುಡುಗ, ಬಾಯಿ ಸುಮ್ಮನಿರದು.

"ಆಗ ನೀನು ಬಂದು ನನ್ನ ಕುರ್ಚೀಲಿ ಕೂತ್ಕೋ. ನಾನು ಮನೆಗೆ ಹೋಗಿ ಮಲಗ್ತೀನಿ."

ಎಲ್ಲರೂ ನಕ್ಕರು. ಗಿಲ್‌ನಾಮ್ ನಕಲಿನ ಪುಟ ತಿರುಗಿಸಿ ನೋಡಿದ. "ಮಾಟ ಮಂತ್ರದ ಕಥೆ ಅಂತೀರಿ ಅಜ್ಜಿ ಟೀಚರ್. ನಮಗೇನು ಹೊಸದಾ? ಅಲ್ಲಿ ನಮ್ಮ ಚರಿತ್ರೆ ಪುಸ್ತಕದಲ್ಲಿ ನಾಯಕರ ಬಗ್ಗೆ ಇದಕ್ಕಿಂತ ದೊಡ್ಡ ದೊಡ್ಡದು ಇತ್ತು. ಪರೀಕ್ಷೇಲೂ ಕೇಳ್ತಿದ್ರು."

"ಇನ್ನೊಂದು ವಿಷಯ," ಎಂದರು ಇನ್‌ಸುಕ್, ದನಿ ತಗ್ಗಿಸಿ. "ಬೆಟ್ಟದ ಕಥೇಲಿ ಅಮ್ಮನ್ನ ಬಿಟ್ಟು ಹೋಗೋದು ಬರುತ್ತೆ. ಯಾರಿಗಾದರೂ ಅದು ಬೇಡ ಅನ್ನಿಸಿದ್ರೆ ಈಗಲೇ ಹೇಳಿಬಿಡಿ. ಏನೂ ಅಂದ್ಕೊಳಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎರಡು ನಿಮಿಷ ನೀರು ಕುಡಿದು ಬರ್ತೀವಿ ಅಜ್ಜಿ ಟೀಚರ್," ಎಂದು ಗಿಲ್‌ನಾಮ್ ಎದ್ದ. ಅವನ ಹಿಂದೆ ಉಳಿದವರೂ ಎದ್ದು, ಆರೂ ಜನ ಮೆಟ್ಟಿಲ ಕಡೆ ಹೋದರು. ನೀರು ಕುಡಿಯುವುದಕ್ಕೂ ಜೊತೆ ಬಿಡದ ಮಕ್ಕಳನ್ನು ಕಂಡು ಇನ್‌ಸುಕ್ ಅವರಿಗೆ ಹೊಟ್ಟೆ ತಣ್ಣಗಾಯಿತು. ನೀರಿನ ಪಾತ್ರೆ ಇದ್ದದ್ದು ಕೋಣೆಯ ಒಳಗೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಬಂದು ಕೂತು ಓದಿದರು. ಡ್ರ್ಯಾಗನ್ ಕಥೆಗೆ ಯಾರ ಬೆರಳೂ ಮಡಚಲಿಲ್ಲ, ತೀರಾ ಚಿಕ್ಕವಳಾದ ಪೊಮ್‌ಹ್ಯಾಂಗ್ ಮಾತ್ರ ಒಂದನ್ನು ಮಡಚಿದಳು. ಬೆಟ್ಟದ ಕಥೆಗೆ ಒಬ್ಬರದು ಒಂದು, ಇನ್ನೊಬ್ಬರದು ಎರಡು. ಯೋನ್‌ಸಿಲ್ ಕೊನೆಯ ಸಾಲಿಗೆ ಬಂದು, ಸ್ವಲ್ಪ ಯೋಚಿಸಿ, ಕಿರುಬೆರಳನ್ನು ಮಾತ್ರ ಮಡಚಿದಳು. ಉಗುರುಗಳನ್ನು ಒಪ್ಪವಾಗಿ ಕತ್ತರಿಸಿದ, ಬಿಸಿಲಿನಲ್ಲಿ ದುಡಿದು ದಪ್ಪಗಾದ ಕೈ. ನಾಲ್ಕು ಬೆರಳು ನೆಟ್ಟಗೆ ನಿಂತಿದ್ದವು.

ಇನ್‌ಸುಕ್ ಅವರ ಎದೆಯ ಭಾರ ಇಳಿಯಿತು. "ಹಾಗಾದ್ರೆ ಬೆಟ್ಟದ್ದೇ ಆಗಬಹುದಾ? ಯೋನ್‌ಸಿಲ್, ನೀನು ಹೇಳು ಕಂದಾ."

"ಬೆಟ್ಟದ್ದೇ ಇರಲಿ. ಆ ಡ್ರ್ಯಾಗನ್ ಹುಡುಗಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ," ಎಂದಳು ಯೋನ್‌ಸಿಲ್. ಮತ್ತೆ ನಗು.

ಪುಸ್ತಕಗಳು ಬಂದ ದಿನ ಹಿಮ ಬೀಳುತ್ತಿತ್ತು. ಕೊಡುವ ಮೊದಲು ಇನ್‌ಸುಕ್ ಆರೂ ಪ್ರತಿಗಳನ್ನು ಮನೆಗೆ ಒಯ್ದು, ಲೇಖಕಿ ಹುಟ್ಟಿಸಿದ ಪದಗಳ ಕೆಳಗೆಲ್ಲ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರು. ಚುಕ್ಕೆ ಇದ್ದದ್ದನ್ನು ಹುಡುಕುವುದು ಬೇಡ, ಹಾಗೇ ದಾಟಿ ಹೋಗಿ ಎಂದರು. ಮಕ್ಕಳು ಪುಸ್ತಕಗಳನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಮುಂದಿನ ವಾರಕ್ಕೆ ಪ್ರತಿಯೊಂದಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಬಿದ್ದಿತ್ತು. ಯೋನ್‌ಸಿಲ್‌ಳದಕ್ಕೆ ಹೊಳೆಯುವ ಕಡಲಿನ ಚಿತ್ರ, ಅದನ್ನೂ ಅವಳು ಒಳಗೆ ಮಾಡಿ ಬಿಳಿ ಬೆನ್ನನ್ನು ಹೊರಗೆ ಹಾಕಿದ್ದಳು.

ಆ ಚಳಿಗಾಲದ ಬುಧವಾರಗಳು ಇನ್‌ಸುಕ್ ಅವರಿಗೆ ಬೆಚ್ಚಗಿದ್ದವು. ಅವರು ಬರುವ ಹೊತ್ತಿಗೆ ಅವರ ಕುರ್ಚಿಯ ದಿಂಬಿನ ಕೆಳಗೆ ಯಾರೋ ಚಳಿಗೆ ಮೈ ಕಾಯಿಸುವ ಬಿಸಿ ಪೊಟ್ಟಣ ಇಟ್ಟಿರುತ್ತಿದ್ದರು. ಹೊರಡುವ ಹೊತ್ತಿಗೆ ಪೊಮ್‌ಹ್ಯಾಂಗ್ ಅವರ ಬೂಟುಗಳನ್ನು ಬಾಗಿಲಿಗೆ ಮುಖಮಾಡಿ ಜೋಡಿಸಿರುತ್ತಿದ್ದಳು, ಬಗ್ಗಿ ತಿರುಗಿಸುವ ತೊಂದರೆ ಬೇಡವೆಂದು. ಕಿತ್ತಳೆಯ ಬಿಳಿ ನಾರು ಕಟ್ಟಿಸಿದ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅವರು ಒಮ್ಮೆ ಗೊಣಗಿದ್ದೇ ಸಾಕಾಯಿತು, ಅಂದಿನಿಂದ ಯೋನ್‌ಸಿಲ್ ಒಂದೊಂದು ತೊಳೆಯನ್ನೂ ಬೋಳಿಸಿ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದಳು.

ಒಂದೇ ವಿಚಿತ್ರ. ಓದಿದ್ದನ್ನು ಹೇಳಿ ಎಂದರೆ ಎದ್ದು ನಿಲ್ಲುತ್ತಿದ್ದರು. "ಕೂತೇ ಹೇಳು ಮಗಾ" ಎಂದರೆ ಕೂತು, ಬಾಯಿ ತೆರೆಯುವಾಗ ಮತ್ತೆ ಏಳುತ್ತಿದ್ದರು. ಕಥೆಗಿಂತ ಮೊದಲು ತಮ್ಮದೊಂದು ತಪ್ಪು ಹೇಳಿಕೊಳ್ಳುತ್ತಿದ್ದರು.

"ಹೋದ ವಾರ ಒಂದು ದಿನ ನಾನು ಓದದೆ ಮಲಗಿಬಿಟ್ಟೆ," ಎನ್ನುವಳು ಪೊಮ್‌ಹ್ಯಾಂಗ್. "ಇನ್ನು ಹಾಗೆ ಮಾಡಲ್ಲ. ಆಮೇಲೆ, ಗಿಲ್‌ನಾಮ್ ಅಣ್ಣ ಓದುವಾಗ ಕಾಲು ಅಲ್ಲಾಡಿಸ್ತಾನೆ. ಅದರಿಂದ ಪಕ್ಕದವರಿಗೆ ತೊಂದರೆ."

"ಒಪ್ಕೋತೀನಿ," ಎನ್ನುವನು ಗಿಲ್‌ನಾಮ್ ಎದ್ದು ನಿಂತು, ಗಂಭೀರವಾಗಿ. "ಇನ್ಮೇಲೆ ಕಾಲು ಕಟ್ಟಿ ಹಾಕ್ತೀನಿ."

ಎಂಥ ವಿನಯ ಎಂದುಕೊಂಡರು ಇನ್‌ಸುಕ್. ತಾವು ಕಲಿಸಿದ ಇಲ್ಲಿನ, ದಕ್ಷಿಣದ ಮಕ್ಕಳು ನೆನಪಾದರು. ಹತ್ತು ಬೆರಳೂ ಮಡಚಿ, "ಟೀಚರ್, ಕಾಲ್ಬೆರಳೂ ಮುಗೀತು!" ಎಂದು ಕೂಗುತ್ತಿದ್ದ ಮಂಗಗಳು. ಇಲ್ಲಿ ವಾರ ವಾರವೂ ಬೆರಳು ಒಂದು, ಎರಡು. ಆ ಗೆರೆ ದಾಟಲೇ ಇಲ್ಲ.

ಚಳಿ ಸ್ವಲ್ಪ ಮುರಿಯುವ ಹೊತ್ತಿಗೆ ಕಥೆ ಬೆಟ್ಟದ ಬಾಗಿಲಿಗೆ ಬಂದು ಮುಟ್ಟಿತು. ಇನ್‌ಸುಕ್ ಹೆದರಿದ್ದ ಪುಟ ಅದು. ಬಾಗಿಲು ಕಾಯುವವನು ಸುಂಕ ಕೇಳುತ್ತಾನೆ. ಚಿನ್ನ ಬೇಡ, ನಿನಗೆ ಎಲ್ಲರಿಗಿಂತ ಪ್ರಿಯರಾದವರ ದನಿ ಕೊಡು ಎನ್ನುತ್ತಾನೆ. ಹುಡುಗಿ ಊಟಕ್ಕೆ ಕರೆಯುವ ಅಮ್ಮನ ದನಿಯನ್ನು ಕೊಟ್ಟು ದಾಟುತ್ತಾಳೆ. ಆಚೆ ಹೋಗಿ ಅಮ್ಮನನ್ನು ನೆನೆದರೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ, ಶಬ್ದವಿಲ್ಲ. ಈ ಆರು ಜನರಲ್ಲಿ ಯಾರನ್ನಾದರೂ ಬಿಟ್ಟು ಬರದವರು ಒಬ್ಬರೂ ಇರಲಿಲ್ಲ. ಯೋನ್‌ಸಿಲ್‌ಳ ಅಮ್ಮ ಗಡಿಯಾಚೆ ಹೇಸನ್ ಊರಿನಲ್ಲೇ ಉಳಿದಿದ್ದಳು. ಮೊದಲು ಸಿಗ್ನಲ್ ಸಿಗಲೆಂದು ಬೆಟ್ಟ ಹತ್ತಿ ಕದ್ದು ಫೋನ್ ಮಾಡುತ್ತಿದ್ದವಳು, ಈಗ ಒಂದು ವರ್ಷದ ಮೇಲಾಗಿತ್ತು, ಕರೆ ಇರಲಿಲ್ಲ. ಇನ್‌ಸುಕ್ ಆ ದಿನ ಚೀಲದಲ್ಲಿ ಎರಡು ಕರವಸ್ತ್ರ ಹೆಚ್ಚಾಗಿ ಇಟ್ಟುಕೊಂಡು ಬಂದಿದ್ದರು.

ಯೋನ್‌ಸಿಲ್ ಎದ್ದಳು. ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟಳು. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಗದ್ದವೆತ್ತಿ, ಆ ಪುಟವನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದಳು. ಒಂದು ಪದ ತಪ್ಪಲಿಲ್ಲ. ಚುಕ್ಕೆ ಇಟ್ಟ ಪದಗಳನ್ನೂ ಬಿಡಲಿಲ್ಲ. ಮುಖದ ತುಂಬ ನಗು, ದನಿಯಲ್ಲಿ ವೇದಿಕೆಯ ಮೇಲೆ ನಿಂತವರ ಏರಿಳಿತ. ಅಮ್ಮನ ತುಟಿ ಅಲ್ಲಾಡಿ ಶಬ್ದ ಬಾರದ ಸಾಲಿಗೆ ಅವಳ ದನಿ ಇನ್ನಷ್ಟು ಮೇಲೇರಿ, ಹಬ್ಬದ ದಿನದ ಹಾಡಿನ ಹಾಗೆ ಮುಗಿಯಿತು.

ಇನ್‌ಸುಕ್ ಅವರ ಕೈ ಚಪ್ಪಾಳೆಗೆಂದು ಮೇಲೆದ್ದು ಅಲ್ಲೇ ನಿಂತಿತು.

"ಎಷ್ಟು ಚೆನ್ನಾಗಿ ಒಪ್ಪಿಸಿದೆ ಕಂದಾ," ಎಂದರು. "ಆ ಹುಡುಗಿ ಮಾಡಿದ್ದು ನಿನಗೆ ಹೇಗನ್ನಿಸ್ತು?"

"ತುಂಬಾ ಸಂತೋಷದ ಭಾಗ ಅಜ್ಜಿ ಟೀಚರ್. ಅವಳು ಗೆದ್ದಳು."

"ಹೌದು, ದಾಟಿದಳು. ಬಾಗಿಲು ಕಾಯೋನಿಗೆ ಏನು ಕೊಟ್ಟಳು?"

ಕೇಳಬಾರದಿತ್ತು ಎಂದು ಕೇಳಿದ ಮೇಲೆ ಗೊತ್ತಾಯಿತು. ಯೋನ್‌ಸಿಲ್‌ಳ ನಗು ಹಾಗೇ ಇತ್ತು, ಅದರ ಹಿಂದಿನ ಮುಖ ಮಾತ್ರ ಖಾಲಿಯಾಗುತ್ತ ಹೋಯಿತು.

"ದುಡ್ಡು," ಎಂದಳು ಅವಳು. ಆಮೇಲೆ, "ಅಕ್ಕಿ?"

"ಇರಲಿ ಬಿಡು, ಕೂತ್ಕೋ, ಮುಂದಿನ ವಾರ—" ಎಂದು ಇನ್‌ಸುಕ್ ಮಾತು ಮುಚ್ಚಲು ಹೊರಟರು. ಅಷ್ಟರಲ್ಲಿ ಗಿಲ್‌ನಾಮ್ ಎದ್ದು ನಿಂತಿದ್ದ.

"ತಪ್ಪು ನನ್ನದು. ಅಕ್ಕನಿಗೆ ಕಷ್ಟ ಅಂತ ಗೊತ್ತಿದ್ದೂ ನಾನು ಹೇಳಿಕೊಡಲಿಲ್ಲ. ಇನ್ನು ಹಾಗೆ ಮಾಡಲ್ಲ."

ಪೊಮ್‌ಹ್ಯಾಂಗ್ ಎದ್ದಳು. "ತಪ್ಪು ನನ್ನದೂ ಇದೆ. ಅಕ್ಕ ರಾತ್ರಿಯೆಲ್ಲ ಬಾಯಿಪಾಠ ಮಾಡೋದು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ."

ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಅದೇ ನಿಲುವು, ಅದೇ ತಗ್ಗಿದ ತಲೆ, ಅದೇ ಮಾತು. ಐದು ಜನ ನಿಂತರು. ಯೋನ್‌ಸಿಲ್ ಒಬ್ಬಳೇ ಕೂತಿದ್ದಳು, ಎರಡು ಕೈಯನ್ನೂ ತೊಡೆಯ ಕೆಳಗೆ ಅಡಗಿಸಿಕೊಂಡು. ಕೆಳಗಿನ ಅಂಗಡಿಯಲ್ಲಿ ಎಣ್ಣೆಗೆ ಏನೋ ಬಿದ್ದು ಚರ್ರೆಂದಿತು.

ಪಾಠ ಮುಗಿಯುತ್ತಲೇ ಮೆಟ್ಟಿಲ ಮೇಲೆ ಇನ್‌ಸುಕ್ ಗಿಲ್‌ನಾಮನ ತೋಳು ಹಿಡಿದರು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಏನೋ ಇದು? ನಿಜ ಹೇಳು. ಬೈಯಲ್ಲ."

"ಬೈದ್ರೂ ಪರವಾಗಿಲ್ಲ." ಅವನು ಗೋಡೆಯ ಸುಣ್ಣ ಕೆರೆಯುತ್ತ ನಿಂತ. "ಅಲ್ಲಿ ನಮಗೆ ಶನಿವಾರದ ಸಭೆ ಇತ್ತು. ಚಿಕ್ಕ ಮಕ್ಕಳಿಗೂ ಇತ್ತು. ದುಂಡಗೆ ಕೂರ್ತೀವಿ, ಒಬ್ಬೊಬ್ಬರೇ ಎದ್ದು ನಮ್ಮ ತಪ್ಪು ಹೇಳ್ಬೇಕು, ಆಮೇಲೆ ಇನ್ನೊಬ್ಬರ ತಪ್ಪು ಹೇಳ್ಬೇಕು. ತಪ್ಪೇ ಇಲ್ಲ ಅಂದ್ರೆ ಸೊಕ್ಕು ಅಂತಾರೆ. ದೊಡ್ಡದು ಹೇಳಿದ್ರೆ ಮನೆಯವರ ತನಕ ಹೋಗುತ್ತೆ. ಅದಕ್ಕೆ ಒಂದು ಹದ ಇದೆ ಅಜ್ಜಿ ಟೀಚರ್. ಒಂದು ಸಣ್ಣದು, ಇಲ್ಲಾ ಎರಡು. ಸ್ನೇಹಿತರು ಮೊದಲೇ ಮಾತಾಡ್ಕೊಂಡಿರ್ತಾರೆ. ನೀನು ನನ್ನ ಕಾಲು ಅಲ್ಲಾಡ್ಸೋದು ಹೇಳು, ನಾನು ನಿನ್ನ ಗುಂಡಿ ಕಿತ್ತಿರೋದು ಹೇಳ್ತೀನಿ ಅಂತ. ಯಾರಿಗೂ ನೋವಾಗಬಾರದು ನೋಡಿ."

ಇನ್‌ಸುಕ್ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅವತ್ತು ನೀರು ಕುಡಿಯೋಕೆ ಹೋದದ್ದು..."

"ಹ್ಞೂಂ. ಯಾರು ಒಂದು, ಯಾರು ಎರಡು ಅಂತ ಇಲ್ಲೇ ನಿಂತು ತೀರ್ಮಾನ ಮಾಡಿದ್ವಿ. ಯೋನ್‌ಸಿಲ್ ಅಕ್ಕ ದೊಡ್ಡವಳು, ಅವಳಿಗೆ ನಾಚಿಕೆ ಜಾಸ್ತಿ. ಅದಕ್ಕೇ ಅವಳಿಗೆ ಒಂದು ಕೊಟ್ವಿ." ಅವನು ಸುಣ್ಣ ಕೆರೆದ ಉಗುರು ನೋಡಿಕೊಂಡ. "ಒಳ್ಳೇದಕ್ಕೇ ಕೊಟ್ಟಿದ್ದು."

"ನಿನಗೆ ನಿಜವಾಗಿ ಎಷ್ಟು ಮಡಚಬೇಕಿತ್ತೋ?"

ಅವನು ಎರಡು ಕೈಯನ್ನೂ ಮುಷ್ಟಿ ಹಿಡಿದು ತೋರಿಸಿದ.

ಇನ್‌ಸುಕ್ ಮತ್ತೆ ಮೇಲೆ ಹತ್ತಿದರು. ಅಡುಗೆಮನೆಯಲ್ಲಿ ಯೋನ್‌ಸಿಲ್ ಯಾರೂ ಹೇಳದೆಯೇ ಪಾತ್ರೆಗಳನ್ನು ತೊಳೆಯುತ್ತಿದ್ದಳು. ಅವರು ಪಕ್ಕದಲ್ಲಿ ನಿಂತು, ತೊಳೆದ ಬಟ್ಟಲುಗಳನ್ನು ಒರೆಸತೊಡಗಿದರು.

"ಆ ಪುಟದಲ್ಲಿ ಏನಿತ್ತು?" ಎಂದಳು ಯೋನ್‌ಸಿಲ್, ನಲ್ಲಿ ನಿಲ್ಲಿಸದೆ. "ನಮ್ಮ ಮಾತಲ್ಲಿ ಹೇಳಿ."

"ಇವತ್ತು ಬೇಡ ಕಂದಾ."

"ವಾರವೆಲ್ಲ ನನ್ನ ಬಾಯಲ್ಲಿ ಇಟ್ಕೊಂಡಿದ್ದೆ. ಏನು ಅಂತ ಗೊತ್ತಾಗಬೇಡವಾ?"

ಅವರು ಹೇಳಿದರು. ಮೆತ್ತಗೆ ಮಾಡಲು ಹೋಗಲಿಲ್ಲ; ಯೋನ್‌ಸಿಲ್‌ಗೆ ಮೆತ್ತಗಿನ ಮಾತು ಸಾಕಷ್ಟು ಸಿಕ್ಕಿತ್ತು, ಅದರಿಂದಲೇ ಹೀಗಾಗಿತ್ತು. ಸುಂಕ, ಅಮ್ಮ ಊಟಕ್ಕೆ ಕರೆಯುವ ದನಿ, ಆಚೆಯ ಬದಿ, ಶಬ್ದವಿಲ್ಲದ ತುಟಿ. ಯೋನ್‌ಸಿಲ್ ಕೇಳುತ್ತ ಕೇಳುತ್ತ ಒಂದೇ ಬಟ್ಟಲನ್ನು ತೊಳೆಯುತ್ತಿದ್ದಳು.

"ನಮ್ಮಮ್ಮನ ದನಿ ದಪ್ಪಗಿತ್ತಾ, ಸಣ್ಣಗಿತ್ತಾ ಅಂತ ಈಗೀಗ ನನಗೂ ಗೊತ್ತಾಗಲ್ಲ," ಎಂದಳು ಕೊನೆಗೆ. "ಅದೂ ಯಾರೂ ಸುಂಕ ಕೇಳದೇನೇ ಹೋಯ್ತು. ಕಥೆಯ ಹುಡುಗಿಗೆ ಬಾಗಿಲಾದರೂ ತೆರೀತಲ್ಲ."

ಇನ್‌ಸುಕ್ ಅವರ ಚೀಲದಲ್ಲಿದ್ದ ಕರವಸ್ತ್ರಗಳು ಹೊರಗೆ ಬರಲಿಲ್ಲ. ಅಳುವವರು ಯಾರೂ ಇರಲಿಲ್ಲ.

"ನೋಡು, ತಪ್ಪು ನನ್ನದು. ಪುಸ್ತಕ ಆರಿಸಿದ್ದು ನಾನು. ನಾಳೆಯೇ ಬೇರೆ ತರ್ತೀನಿ. ಸುಲಭದ್ದು, ನನ್ನ ಸ್ವಂತದ್ದು. ಇಬ್ಬರೇ ಕೂತು ಓದೋಣ. ಬೇಸಿಗೆ ತನಕ ಆಗಲಿ, ಮುಂದಿನ ಚಳಿಗಾಲದ ತನಕ ಆಗಲಿ."

"ನಾನು ಹೇಳಿದ್ದು ಈ ಚಳಿಗಾಲ ಅಂತ."

"ಹೇಳಿದ್ದು ಹೇಳಿದೆ. ಅದನ್ನ ಯಾರು ಬರೆದಿಟ್ಟಿದ್ದಾರೆ?"

"ಎಲ್ಲರ ಮುಂದೆ ನಿಂತು ಹೇಳಿದ್ದು ಅಜ್ಜಿ ಟೀಚರ್." ತನಗಿಂತ ಚಿಕ್ಕವರಿಗೆ ತಿಳಿಹೇಳುವ ತಾಳ್ಮೆ ಆ ದನಿಯಲ್ಲಿತ್ತು. "ಅಷ್ಟೇ ಆಗಿದ್ರೆ ನುಂಗಿಕೊಳ್ತಿದ್ದೆನೋ ಏನೋ. ಇವತ್ತು ನನ್ನಿಂದಾಗಿ ಐದು ಜನ ಎದ್ದು ನಿಂತರು. ಪೊಮ್‌ಹ್ಯಾಂಗ್ ಕೂಡ. ಅಲ್ಲಿಂದ ಅಷ್ಟು ದೂರ ಬಂದು, ಆ ಮಗು ಮತ್ತೆ ತಲೆ ತಗ್ಗಿಸಿ ನಿಲ್ತು, ನೋಡಿದಿರಾ? ನಾನು ಇಲ್ಲಿದ್ರೆ ವಾರ ವಾರವೂ ನಿಲ್ತಾರೆ. ನನ್ನ ಮೇಲಿನ ಪ್ರೀತಿಗೆ."

ಇನ್‌ಸುಕ್ ಬಟ್ಟಲು ಒರೆಸಿ ಕಪಾಟಿನಲ್ಲಿಟ್ಟರು.

ಬಾನ್ ಸರ್ ಎರಡು ದಿನ ಅವಳ ಹಿಂದೆ ಬಿದ್ದರು. ಬೇಡಿದರು, ಗದರಿದರು, ಒಂದು ಸಲ ಕಣ್ಣಲ್ಲಿ ನೀರೂ ತಂದುಕೊಂಡರು. "ಇಂಗ್ಲಿಷಿಲ್ಲದೆ ಸತ್ತವರು ಯಾರೂ ಇಲ್ಲ ಕಣೇ, ಸುಮ್ನಿರು ಇಲ್ಲೇ," ಎಂದೂ ಹೇಳಿ ನೋಡಿದರು. ಯೋನ್‌ಸಿಲ್ ಎಲ್ಲಕ್ಕೂ ಬಗ್ಗಿ ವಂದಿಸಿದಳು. ಜೊತೆಯಲ್ಲಿ ನದಿ ದಾಟಿ ಬಂದಿದ್ದ ಒಬ್ಬ ಹೆಂಗಸು ಇನ್ನೂ ದಕ್ಷಿಣದ ಒಂದು ಊರಿನಲ್ಲಿ ಫೋನಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಹಾಸ್ಟೆಲಿನಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ರಾತ್ರಿ ಪಾಳಿ.

ಹೊರಡುವ ಬೆಳಿಗ್ಗೆ ಇನ್‌ಸುಕ್ ಬಸ್ ನಿಲ್ದಾಣಕ್ಕೆ ಬಂದರು. ಕೋಟಿನ ಒಂದು ಜೇಬಿನಲ್ಲಿ ಸುಟ್ಟ ಗೆಣಸು, ಇನ್ನೊಂದರಲ್ಲಿ ಡ್ರ್ಯಾಗನ್ ಮೊಟ್ಟೆಯ ಪುಸ್ತಕ. ಯೋನ್‌ಸಿಲ್‌ಳ ಜೊತೆ ಒಂದೇ ಚೀಲ. ಕೊರಳಲ್ಲಿ ಪೊಮ್‌ಹ್ಯಾಂಗ್ ಕೊಟ್ಟ ಹಳದಿ ಮಫ್ಲರ್. ಆ ಚಳಿಗೆ ಪೊಮ್‌ಹ್ಯಾಂಗ್ ಇನ್ನು ಏನು ಹಾಕಿಕೊಳ್ಳುತ್ತಾಳೋ. ಬೆಟ್ಟದ ಕಥೆಯನ್ನು ಯೋನ್‌ಸಿಲ್ ಹಿಂದಿನ ದಿನವೇ ಕಪಾಟಿನಲ್ಲಿಟ್ಟು ಬಂದಿದ್ದಳು, ಕ್ಯಾಲೆಂಡರಿನ ಹೊದಿಕೆ ಹಾಗೇ ಇತ್ತು.

"ಇದನ್ನ ಇಟ್ಕೋ," ಎಂದು ಇನ್‌ಸುಕ್ ಪುಸ್ತಕ ಚಾಚಿದರು.

"ಹಾಲುಹಲ್ಲಿನ ಹುಡುಗೀನಾ?" ಯೋನ್‌ಸಿಲ್ ನಕ್ಕಳು. ಗೆಣಸನ್ನು ಮುರಿದು ದೊಡ್ಡ ಅರ್ಧವನ್ನು ಅವರಿಗೇ ಕೊಟ್ಟಳು.

"ಇಲ್ಲಿ ಯಾರೂ ಇಲ್ಲ. ನಾನು, ನೀನು. ನಿಜವಾಗಿ ಮಡಚಿ ತೋರಿಸು ಕಂದಾ. ನನಗೋಸ್ಕರ."

ಯೋನ್‌ಸಿಲ್ ಅವರ ಮುಖ ನೋಡಿದಳು. ಆಮೇಲೆ ಕೈಗವಸು ತೆಗೆದು ಬಾಯಲ್ಲಿ ಕಚ್ಚಿಕೊಂಡು, ಪುಸ್ತಕದ ಮೊದಲ ಪುಟ ತೆರೆದಳು. ಕಣ್ಣು ನಿಧಾನವಾಗಿ ಸಾಗಿತು. ಕಿರುಬೆರಳು ಮಡಚಿತು. ಪಕ್ಕದ್ದೂ ಮಡಚಿತು. ಸಾಲಿನ ತುದಿಗೆ ಬರುವಾಗ ನಡುಬೆರಳು. ಎರಡನೆಯ ಸಾಲಿನಲ್ಲಿ ಕಣ್ಣು ನಿಂತಿತು, ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ. ತೋರುಬೆರಳು ಮಡಚಿತು. ಮೂರನೆಯ ಸಾಲಿನ ನಡುವೆ ಹೆಬ್ಬೆರಳು ಬಂದು ಉಳಿದ ನಾಲ್ಕರ ಮೇಲೆ ಕೂತಿತು.

ಪುಟ ಇನ್ನೂ ಹಾಗೇ ಉಳಿದಿತ್ತು. ಚಿತ್ರದಲ್ಲಿ ಪುಟ್ಟ ಹುಡುಗಿ ಮೊಟ್ಟೆಯನ್ನು ಅಪ್ಪಿಕೊಂಡು ನಗುತ್ತಿದ್ದಳು.

ಅವತ್ತು ಮೇಜಿನ ಮೇಲಿದ್ದ ಮೂರರಲ್ಲಿ ಇವಳದು ಒಂದೂ ಇರಲಿಲ್ಲ. ಇವಳ ಪುಸ್ತಕವನ್ನು ತಾವು ಇನ್ನೂ ಹುಡುಕಲು ಶುರುವೇ ಮಾಡಿರಲಿಲ್ಲ ಎಂಬುದು ಇನ್‌ಸುಕ್ ಅವರಿಗೆ ಆಗ ಗೊತ್ತಾಯಿತು. ಅವರು ಆ ಮುಷ್ಟಿಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದುಕೊಂಡರು. ಮಂಜುಗಡ್ಡೆಯಂತಿತ್ತು.

ಬಸ್ಸು ಬಂತು. ಯೋನ್‌ಸಿಲ್ ಕೈ ಬಿಡಿಸಿಕೊಂಡು, ಪುಸ್ತಕವನ್ನು ಅವರ ಕೋಟಿನ ಜೇಬಿಗೆ ಮತ್ತೆ ಇಳಿಸಿದಳು.

"ಮುಂದೆ ಬರೋ ಮಗುವಿಗೆ ಇರಲಿ. ಅವಳನ್ನ ಒಬ್ಬಳನ್ನೇ ಕೇಳಿ ಅಜ್ಜಿ ಟೀಚರ್. ಎಲ್ಲರ ಮುಂದೆ ಕೇಳಬೇಡಿ."

"ಆಯ್ತು."

"ಮೆಟ್ಟಿಲು ಜಾರುತ್ತೆ. ಗೋಡೆ ಹಿಡ್ಕೊಂಡು ಹತ್ತಿ."

ಕಿಟಕಿಯ ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು. ಒಳಗಿಂದ ಅವಳು ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಇನ್‌ಸುಕ್ ಅವರಿಗೆ ಕಂಡಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಅಂದು ಬುಧವಾರ. ಇನ್‌ಸುಕ್ ಗೋಡೆ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ಪಾಠದ ಕೋಣೆಯಲ್ಲಿ ಮಕ್ಕಳು ಆಗಲೇ ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದರು, ಆರು ಕುರ್ಚಿ, ಯೋನ್‌ಸಿಲ್‌ಳದೂ ಸೇರಿ. ಅವರ ದಿಂಬಿನ ಕೆಳಗೆ ಬಿಸಿ ಪೊಟ್ಟಣವಿತ್ತು. ಗಿಲ್‌ನಾಮ್ ಎದ್ದು ನಿಂತು ಬಾಯಿ ತೆರೆಯುತ್ತಿದ್ದ.

"ಬೇಡ ಮಗಾ," ಎಂದರು ಇನ್‌ಸುಕ್. ಕೋಟು ಬಿಚ್ಚದೆಯೇ, ಒಂದು ಕುರ್ಚಿಯನ್ನು ಎತ್ತಿ ಕಿಟಕಿಯ ಕಡೆಗೆ ಮುಖ ಮಾಡಿ ಇಟ್ಟರು. ಇನ್ನೊಂದನ್ನು ಗೋಡೆಯ ಕಡೆಗೆ ತಿರುಗಿಸಿದರು. ಪೊಮ್‌ಹ್ಯಾಂಗ್ ಬಂದು ಮೂರನೆಯ ಕುರ್ಚಿಯ ಇನ್ನೊಂದು ತುದಿ ಹಿಡಿದಳು. ಅವಳ ಕೊರಳು ಬರಿದಾಗಿತ್ತು.